ಸಪ್ತರ್ಷಿಗಳೂ ಮುಳುಗುತ್ತಾರೆ

ನವೆಂಬರ್ ಕೊನೆಯ ಒಂದು ಮಧ್ಯಾಹ್ನ, ಬೆಂಗಳೂರಿನ ಛತ್ರವೊಂದರಲ್ಲಿ ಮದುವೆ. ಪುರೋಹಿತರು ವಧೂವರರನ್ನು ಬಾಗಿಲಾಚೆ ಕರೆತಂದು ಬೆರಳೆತ್ತಿ, ‘ಅರುಂಧತಿ ಕಾಣಿಸಿದಳೇ?’ ಎಂದರು. ವರ ‘ಕಾಣಿಸಿದಳು’ ಎಂದ. ಬೆರಳಿನ ನೇರಕ್ಕೆ ಇದ್ದದ್ದು ಎದುರುಮನೆಯ ನೀರಿನ ಟ್ಯಾಂಕು. ಶಾಸ್ತ್ರ, ಇರಲಿ. ನನಗೆ ಕಿರಿಕಿರಿಯಾದದ್ದು ಪಕ್ಕದಲ್ಲಿದ್ದ ಹಿರಿಯರ ಸಮಜಾಯಿಷಿ: ‘ರಾತ್ರಿಯಾದರೆ ನಿಜವಾಗಿಯೂ ಕಾಣುತ್ತಾಳೆ. ಧ್ರುವನ ಸುತ್ತಲೇ ತಿರುಗುವ ಸಪ್ತರ್ಷಿಗಳು ಮುಳುಗುವುದೇ ಇಲ್ಲವಲ್ಲ!’

ಅರುಂಧತಿಯೆಂದರೆ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳಲ್ಲಿ ವಸಿಷ್ಠನಿಗೆ ಅಂಟಿಕೊಂಡಿರುವ ಮಂಕು ಚುಕ್ಕಿ. ತಮಾಷೆ ನೋಡಿ. ಆ ಮಧ್ಯಾಹ್ನ ಅರುಂಧತಿ ಉತ್ತರದ ಆಕಾಶದಲ್ಲಿ ನಿಜವಾಗಿಯೂ ಇದ್ದಳು, ಬಿಸಿಲಿನಲ್ಲಿ ಕಾಣುತ್ತಿರಲಿಲ್ಲ ಅಷ್ಟೆ. ಸಂಜೆ ಐದರ ಸುಮಾರಿಗೆ ಮುಳುಗಿದವಳು ಮತ್ತೆ ಎದ್ದದ್ದು ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ. ಪುರೋಹಿತರೇ ವಾಸಿ.

‘ಮುಳುಗುವುದಿಲ್ಲ’ ಎಂಬುದು ಲಂಡನ್ನಿಗೆ ಸಲ್ಲುವ ಮಾತು, ಬೆಂಗಳೂರಿಗಲ್ಲ. ಒಕ್ಕಣೆಯ ಕಣದ ನಡುವೆ ನೆಟ್ಟ ಕಂಬವನ್ನು, ಅಂದರೆ ಮೇಟಿಯನ್ನು, ನೆನೆಸಿಕೊಳ್ಳಿ. ಮೇಟಿಗೆ ಕಟ್ಟಿದ ಎತ್ತುಗಳು ಹಗ್ಗ ಬಿಟ್ಟಷ್ಟೇ ದೂರದಲ್ಲಿ ಸುತ್ತುತ್ತವೆ. ಧ್ರುವನನ್ನು ಮೇಟಿಗೆ ಹೋಲಿಸಿದ್ದು ನಾನಲ್ಲ, ಭಾಗವತದಲ್ಲೇ ಇದೆ. ಈಗ ಆ ಕಣವನ್ನು ಗೋಡೆಯಂತೆ ಎತ್ತಿ ನಿಲ್ಲಿಸಿ, ಕೆಳಭಾಗವನ್ನು ಮಣ್ಣಿನಲ್ಲಿ ಹೂತುಬಿಡಿ. ಮಣ್ಣಿನಿಂದ ಮೇಟಿ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಗಿಡ್ಡ ಹಗ್ಗದ ಎತ್ತಿಗೆ ಮಣ್ಣು ತಾಗುವುದೇ ಇಲ್ಲ. ಉದ್ದ ಹಗ್ಗದ್ದು ಪ್ರತಿ ಸುತ್ತಿನಲ್ಲೂ ಮಣ್ಣೊಳಗೆ ಇಳಿದು ಏಳುತ್ತದೆ. ಎತ್ತು ಒಗ್ಗದಿದ್ದರೆ ಕೊಡೆ ಹಿಡಿಯಿರಿ. ಒಳಮೈಗೆ ಸೀಮೆಸುಣ್ಣದ ಚುಕ್ಕಿ ಇಟ್ಟು, ಕೊಡೆ ಬಿಚ್ಚಿ, ಕೋಲನ್ನು ಉತ್ತರಕ್ಕೆ ತುಸುವೇ ಎತ್ತಿ ತಿರುಗಿಸಿ. ಕೋಲಿನ ಬುಡದ ಚುಕ್ಕಿ ಅಲ್ಲೇ ಗಿರಕಿ ಹೊಡೆಯುತ್ತದೆ, ಅಂಚಿನವು ಎದುರಿನ ಕಾಂಪೌಂಡಿನ ಹಿಂದೆ ಮರೆಯಾಗುತ್ತವೆ. ನಿಜಕ್ಕೆ ತಿರುಗುವುದು ಕೊಡೆಯಲ್ಲ, ಹಿಡಿದವನು. ಇದನ್ನು ಆರ್ಯಭಟ ಕ್ರಿ.ಶ. 499ರಲ್ಲೇ ಬರೆದಿಟ್ಟ: ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದಲ್ಲಿ ನಿಂತ ವಸ್ತುಗಳು ಹಿಂದಕ್ಕೆ ಸರಿದಂತೆ ಕಾಣುತ್ತವೆ, ನಕ್ಷತ್ರಗಳೂ ಹಾಗೆಯೇ.

ಲೆಕ್ಕ ಇಷ್ಟೇ. ಮೇಟಿಯ ಎತ್ತರವೆಂದರೆ ನಿಮ್ಮೂರಿನ ಅಕ್ಷಾಂಶ. ಬೆಂಗಳೂರಿನಲ್ಲಿ 13 ಡಿಗ್ರಿ. ಸಪ್ತರ್ಷಿಗಳಲ್ಲಿ ಧ್ರುವಬಿಂದುವಿಗೆ, ಅಂದರೆ ಆಕಾಶ ಸುತ್ತುವಂತೆ ಕಾಣುವ ನಡುಬಿಂದುವಿಗೆ, ಅತಿ ಹತ್ತಿರದ ಕ್ರತುವಿನ ಹಗ್ಗವೇ 28 ಡಿಗ್ರಿ. ಮುಳುಗದೆ ಏನು ಮಾಡಿಯಾನು? ಲಂಡನ್ನಿನ ಮೇಟಿ 51 ಡಿಗ್ರಿ ದಾಟಿದ್ದರಿಂದ ಅಲ್ಲಿ ಏಳು ಜನ ಋಷಿಗಳೂ ಸದಾ ಎಚ್ಚರ.

ಹಾಗಾಗಿ ನಮ್ಮಲ್ಲಿ ಉತ್ತರ ಹುಡುಕಲು ಎರಡು ಗುರುತು ಬೇಕು. ಏಪ್ರಿಲ್, ಮೇ ತಿಂಗಳ ಸಂಜೆ ಸಪ್ತರ್ಷಿಗಳ ಚೌಕದಲ್ಲಿ ಬಾಲದಿಂದ ದೂರದ ಅಂಚಿನಲ್ಲಿರುವ ಪುಲಹ, ಕ್ರತುಗಳನ್ನು ಸೇರಿಸುವ ಗೆರೆಯನ್ನು ಕ್ರತುವಿನಾಚೆಗೆ ಐದು ಪಟ್ಟು ಎಳೆದರೆ ಧ್ರುವ ಸಿಗುತ್ತದೆ. ನವೆಂಬರಿನಲ್ಲಾದರೆ ಕುಂತೀ ಪುಂಜ, ಅಂದರೆ ಕ್ಯಾಸಿಯೋಪಿಯಾ, ಇಂಗ್ಲಿಷಿನ ‘ಎಂ’ ಅಕ್ಷರದಂತೆ ಉತ್ತರದಲ್ಲಿ ನಿಂತಿರುತ್ತದೆ. ಅದರಿಂದ ನೇರ ಕೆಳಕ್ಕೆ ಬನ್ನಿ. ಕೈ ಪೂರ್ತಿ ಚಾಚಿ, ದಿಗಂತದ ಮೇಲೆ ಒಂದು ಮುಷ್ಟಿ, ಮುಷ್ಟಿಯ ಮೇಲೆ ಎರಡು ಬೆರಳು ಅಡ್ಡ ಇಡಿ; ಅದೇ ಸುಮಾರು 13 ಡಿಗ್ರಿ. ಅಲ್ಲಿರುವ ಸಾಧಾರಣ ಹೊಳಪಿನ ಚುಕ್ಕಿಯೇ ಧ್ರುವ. ಅದು ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ ಎಂದು ಯಾರು ಹಬ್ಬಿಸಿದರೋ! ಅದಕ್ಕಿಂತ ಬೆಳಗುವ ನಕ್ಷತ್ರಗಳು ನಲವತ್ತಕ್ಕೂ ಹೆಚ್ಚಿವೆ. ಬೀದರಿಗೆ ಹೋದರೆ ಎತ್ತರ ಸುಮಾರು ಎರಡು ಮುಷ್ಟಿಯಾಗುತ್ತದೆ. ಉತ್ತರಕ್ಕೆ ಪ್ರತಿ 111 ಕಿಲೋಮೀಟರಿಗೆ ಒಂದು ಡಿಗ್ರಿ ಏರಿಕೆ.

ಈ ಬೆರಳಿನ ಅಳತೆಯಲ್ಲೇ ಅರಬ್ಬೀ ಸಮುದ್ರದ ನಾವಿಕರು ಬದುಕಿದರು. ಅವರ ಉಪಕರಣ ಕಮಾಲ್: ಅಂಗೈಯಗಲದ ಹಲಗೆ, ನಡುವಿನಿಂದ ಹೊರಟ ದಾರ, ದಾರದಲ್ಲಿ ಬಂದರಿಗೊಂದು ಗಂಟು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಚಾಚಿದಾಗ ಕೆಳ ಅಂಚು ನೀರಿಗೂ ಮೇಲಂಚು ಧ್ರುವಕ್ಕೂ ತಾಗಿದರೆ ಆ ಬಂದರಿನ ಅಕ್ಷಾಂಶಕ್ಕೆ ಬಂದಂತೆ. ತೆಂಕಿಗೋ ಬಡಗಿಗೋ ಸಾಗಿ ಆ ಎತ್ತರ ಹಿಡಿದು, ಆಮೇಲೆ ನೇರ ಮೂಡಣಕ್ಕೆ ಹಾಯಿ ತಿರುಗಿಸಿದರೆ ಕರಾವಳಿ. ಧ್ರುವ ಅಚಲ ಎಂದು ಅವರು ನಂಬಿ ಕೂರಲಿಲ್ಲ. 1500ರ ಆಸುಪಾಸಿನಲ್ಲಿ ಅದು ನಿಜವಾದ ಧ್ರುವಬಿಂದುವಿನಿಂದ ಸುಮಾರು ಮೂರೂವರೆ ಡಿಗ್ರಿ ದೂರದಲ್ಲಿ ಸುತ್ತುತ್ತಿತ್ತು. ಅದು ತನ್ನ ಸುತ್ತಿನ ತಳಕ್ಕೆ ಬಂದಾಗ ನೋಡಿ ಅಳೆಯುತ್ತಿದ್ದರು. ಭೂಮಿಯ ಅಕ್ಷ 26,000 ವರ್ಷಕ್ಕೊಮ್ಮೆ ಬುಗುರಿಯಂತೆ ತೊನೆಯುವುದರಿಂದ ಇಂದು ಆ ದೂರ ಒಂದು ಡಿಗ್ರಿಯೂ ಇಲ್ಲ.

ಅಂದಹಾಗೆ, ಬೆಂಗಳೂರು, ಮಂಗಳೂರುಗಳ ನಡುವೆ ಅಕ್ಷಾಂಶದ ವ್ಯತ್ಯಾಸ ಡಿಗ್ರಿಯ ಹತ್ತನೇ ಒಂದು ಭಾಗ. ಕಮಾಲಿನ ದಾರದಲ್ಲಿ ಎರಡಕ್ಕೂ ಒಂದೇ ಗಂಟು ಸಾಕು.