ಲ್ಯಾಪ್‌ಟಾಪಿನೊಳಗೆ ‘ಕಾರ್ಡ್’ ಎಲ್ಲಿದೆ?

ಹಾಸನದ ಬಿ.ಎಂ. ರಸ್ತೆಯ ಅಂಗಡಿಯೊಂದರ ಮುಂದೆ ‘ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡ್ ಅಪ್‌ಗ್ರೇಡ್ ಮಾಡಿಕೊಡಲಾಗುವುದು’ ಎಂಬ ಬೋರ್ಡು ಓದಿಕೊಂಡು ಬಂದ ಸಂಜೆಯೇ ನಮ್ಮ ಬೀದಿಯ ಇಂಜಿನಿಯರಿಂಗ್ ಹುಡುಗ, “ಅಂಕಲ್, ನನ್ನ ಲ್ಯಾಪ್‌ಟಾಪಿಗೆ 4 ಜಿಬಿ ಕಾರ್ಡ್ ಹಾಕ್ಸಕ್ಕೆ ಎಷ್ಟಾಗುತ್ತೆ?” ಎಂದು ಕೇಳಿದ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ತಪ್ಪಿದೆ. ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ. ಗೊಂದಲದ ಬೇರು ‘ಕಾರ್ಡ್’ ಎಂಬ ಪದದಲ್ಲೇ ಇದೆ.

ಗ್ರೀಕಿನ ‘ಖಾರ್ಟೆಸ್’ ಎಂದರೆ ಪಪೈರಸ್ ಹಾಳೆ. ಲ್ಯಾಟಿನ್, ಫ್ರೆಂಚ್ ದಾಟಿ ಅದು ಇಂಗ್ಲಿಷಿನ ಕಾರ್ಡ್ ಆಯಿತು. ಚಾರ್ಟು, ಕಾರ್ಟನ್ನು, ಕಾರ್ಟೂನು ಎಲ್ಲವೂ ಅದೇ ಮನೆತನ. ಹಾಳೆ ಎಂದಮೇಲೆ ಅದು ಬಿಡಿಯಾಗಿ ಕೈಗೆ ಸಿಗಬೇಕು. ಕನ್ನಡಕ್ಕೆ ಬಂದಮೇಲೂ ಪದ ಆ ಗುಣ ಬಿಟ್ಟಿಲ್ಲ: ರೇಷನ್ ಕಾರ್ಡನ್ನು ತೋರಿಸಿ ವಾಪಸ್ ಜೇಬಿಗಿಡುತ್ತೇವೆ, ಅಂಚೆ ಕಾರ್ಡನ್ನು ಡಬ್ಬಕ್ಕೆ ಹಾಕುತ್ತೇವೆ, ಸಿಮ್ ಕಾರ್ಡನ್ನು ತೆಗೆದು ಬೇರೆ ಫೋನಿಗೆ ಹಾಕುತ್ತೇವೆ. 1981ರ ಐಬಿಎಂ ಪಿಸಿಯಲ್ಲಿ ಪರದೆ ನೋಡಿಕೊಳ್ಳುವ ಸರ್ಕ್ಯೂಟು ಸ್ಲಾಟಿಗೆ ಸಿಕ್ಕಿಸುವ ಬೇರೆಯೇ ಬೋರ್ಡು. ಅದಕ್ಕೆ ಕಾರ್ಡ್ ಎಂದದ್ದು ಒಪ್ಪುವ ಮಾತು. ಡೆಸ್ಕ್‌ಟಾಪಿಗೆ ಇವತ್ತಿಗೂ ಒಪ್ಪುತ್ತದೆ.

ಲ್ಯಾಪ್‌ಟಾಪಿಗೆ ಒಪ್ಪುವುದಿಲ್ಲ. ಅಲ್ಲಿರುವುದು ಚಿಪ್. ಅದರ ತಳದ ಸಣ್ಣ ಸಣ್ಣ ಬೆಸುಗೆ ಗುಂಡುಗಳು ಕರಗಿ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತವೆ, ಪಕ್ಕದ ವಿಡಿಯೋ ಮೆಮೊರಿಯೂ ಹಾಗೆಯೇ. ಕಡಿಮೆ ಬೆಲೆಯವುಗಳಲ್ಲಿ ಬೇರೆ ಚಿಪ್ ಕೂಡ ಇಲ್ಲ, ಗ್ರಾಫಿಕ್ಸ್ ಭಾಗ ಮುಖ್ಯ ಪ್ರೊಸೆಸರಿನೊಳಗೇ ಇದೆ. ಬೇಲೂರಿನ ಮದನಿಕೆಯರನ್ನು ಬೇರೆಯಾಗಿ ಕಡೆದು ಕಂಬದ ಮೇಲೆ ಕೂರಿಸಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟ ಬೆಟ್ಟದ ಬಂಡೆಯೇ. ಗೊಮ್ಮಟನನ್ನು ಎತ್ತಿ ಬೇರೆ ಕಡೆ ಕೂರಿಸುತ್ತೇನೆ ಎಂದವನಿಗೆ ಯಾರು ದುಡ್ಡು ಕೊಟ್ಟಾರು?

ಬಿಸಿಗಾಳಿ ಹಾಯಿಸಿ ಚಿಪ್ ಕಿತ್ತು ಹೊಸದು ಕೂರಿಸುವ ಕೆಲಸ ಇದೆ, ನಿಜ. ಅದು ಕೆಟ್ಟ ಚಿಪ್ಪಿನ ಜಾಗಕ್ಕೆ ಅದೇ ಚಿಪ್ ಹಾಕುವ ರಿಪೇರಿ. ದೊಡ್ಡದು ಹಾಕಿದರೆ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ), ವಿದ್ಯುತ್ತು, ಫ್ಯಾನು ಯಾವುದೂ ಹೊಂದುವುದಿಲ್ಲ. ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನಷ್ಟೇ ಅಪ್‌ಡೇಟ್ ಮಾಡಿ ಅಪ್‌ಗ್ರೇಡ್ ಎಂದು ಬಿಲ್ ಬರೆಯುವವರೂ ಇದ್ದಾರೆ. ಅದು ಮೋಸ.

ನಿಜಕ್ಕೂ ಬದಲಿಸಬಹುದಾದವು ಬೆರಳೆಣಿಕೆಯಷ್ಟು. 2004ರಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾ ತಂದ, ಕಳಚಿ ಹಾಕಬಹುದಾದ ಎಂಎಕ್ಸ್‌ಎಂ ಎಂಬ ಗ್ರಾಫಿಕ್ಸ್ ಬಿಡಿಭಾಗ ಕೆಲವು ದೊಡ್ಡ ಲ್ಯಾಪ್‌ಟಾಪುಗಳಲ್ಲಿತ್ತು. ಈಚಿನ ಫ್ರೇಮ್‌ವರ್ಕ್ 16 ಎಂಬ ಲ್ಯಾಪ್‌ಟಾಪಿನಲ್ಲಿ ಹಿಂಭಾಗದ ಗ್ರಾಫಿಕ್ಸ್ ಭಾಗವನ್ನೇ ಬಿಚ್ಚಿ ಬದಲಿಸಬಹುದು. ಥಂಡರ್‌ಬೋಲ್ಟ್ ಎಂಬ ವೇಗದ ಪೋರ್ಟ್ ಇದ್ದರೆ ಹೊರಗಿನ ಪೆಟ್ಟಿಗೆಯಲ್ಲಿ ಡೆಸ್ಕ್‌ಟಾಪ್ ಕಾರ್ಡ್ ಇಟ್ಟು ಜೋಡಿಸಬಹುದು. ಆದರೆ ಡೆಸ್ಕ್‌ಟಾಪಿನಲ್ಲಿ ಆ ಕಾರ್ಡಿಗೆ ಸಾಮಾನ್ಯವಾಗಿ 16 ಲೇನ್ (ಮಾಹಿತಿ ಓಡುವ ದಾರಿ) ಸಿಕ್ಕರೆ ಥಂಡರ್‌ಬೋಲ್ಟ್ 3ರಲ್ಲಿ ನಾಲ್ಕೇ. ಪೆಟ್ಟಿಗೆ, ಕಾರ್ಡ್ ಎರಡರ ದುಡ್ಡು ಸೇರಿಸಿದರೆ ಡೆಸ್ಕ್‌ಟಾಪನ್ನೇ ಕೊಳ್ಳುವುದು ಮೇಲು ಎಂದು ನಾನು ಹೇಳುತ್ತೇನೆ.

ಹುಡುಗನ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಹನ್ನೊಂದನೇ ತಲೆಮಾರಿನ ಇಂಟೆಲ್ ಐ5, 8 ಜಿಬಿಯ ಒಂದೇ ರ‍್ಯಾಮ್, ಇನ್ನೊಂದು ಸ್ಲಾಟ್ ಖಾಲಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮಿನಿಂದಲೇ ಪಡೆಯಬೇಕು. ಒಂದೇ ರ‍್ಯಾಮ್ ಇದ್ದರೆ ದಾರಿ ಇಕ್ಕಟ್ಟು. ಅಂಥದ್ದೇ ಇನ್ನೊಂದು ತರಿಸಿ ಹಾಕಿದೆವು. ಅಲ್ಲಿಯವರೆಗೆ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ‘ಯುಎಚ್‌ಡಿ ಗ್ರಾಫಿಕ್ಸ್’ ಎನ್ನುತ್ತಿದ್ದುದು ‘ಐರಿಸ್ ಎಕ್ಸ್‌ಇ’ ಎಂದು ತೋರಿಸಿತು. ಚಿಪ್ ಮೊದಲಿನದೇ, ದಾರಿ ಅಗಲವಾದದ್ದಕ್ಕೆ ಹೆಸರು ಬದಲಾಯಿತು.