ಒಂದೇ ಜೀವಿಗೆ ಎರಡು ಹೆಸರು: ನುಮ್ಮುಲೈಟ್ ಕುಟುಂಬದ ಕಥೆ

ಗೀಜಾ ಪಿರಮಿಡ್ಡುಗಳ ಮುಂದೆ ಬಿದ್ದಿದ್ದ ಕಲ್ಲುಚೂರುಗಳ ರಾಶಿಯಲ್ಲಿ ಮಸೂರಬೇಳೆಯಂಥ ಹರಳುಗಳಿದ್ದವೆಂದು ಗ್ರೀಕ್ ಭೂಗೋಳಶಾಸ್ತ್ರಜ್ಞ ಸ್ಟ್ರಾಬೊ ಸುಮಾರು 2000 ವರ್ಷಗಳ ಹಿಂದೆಯೇ ಬರೆದಿದ್ದಾನೆ. ಪಿರಮಿಡ್ ಕಟ್ಟಿದ ಆಳುಗಳು ಉಂಡು ಬಿಟ್ಟ ಕಾಳು ಕಲ್ಲಾಗಿದೆ ಎಂಬುದು ಅಲ್ಲಿನವರ ಮಾತು. ತನ್ನ ಸೀಮೆಯಲ್ಲೂ ಇಂಥದೇ ಕಲ್ಲುಗಳು ತುಂಬಿದ ಗುಡ್ಡವೊಂದಿದೆ ಎಂದು ಅವನು ಸೇರಿಸುತ್ತಾನೆ.

ಅವು ಕಾಳುಗಳಲ್ಲ, ಫೊರಾಮಿನಿಫೆರಾ ಎಂಬ ಕಡಲಜೀವಿಗಳ ಸುಣ್ಣದ ಚಿಪ್ಪುಗಳು. ಫ್ರೆಂಚ್ ಜೀವವಿಜ್ಞಾನಿ ಲಮಾರ್ಕ್ 1801ರಲ್ಲಿ ಇವನ್ನು ನುಮ್ಮುಲೈಟ್ಸ್ ಎಂದು ಕರೆದ. ಲ್ಯಾಟಿನ್ನಿನಲ್ಲಿ ನುಮ್ಮುಲಸ್ ಎಂದರೆ ಪುಟ್ಟ ನಾಣ್ಯ. ಹೆಸರು ಸಿಕ್ಕಿತು, ನೆಲೆ ಮಾತ್ರ ಸಿಗಲಿಲ್ಲ. ಕೋಣೆ ಕೋಣೆಯಾಗಿ ಸುತ್ತಿಕೊಂಡ ಚಿಪ್ಪು ನಾಟಿಲಸ್ ಎಂಬ ಕಡಲಪ್ರಾಣಿಯ ಚಿಪ್ಪನ್ನೇ ಹೋಲುತ್ತಿದ್ದುದರಿಂದ, 1826ರಲ್ಲಿ ಆಲ್ಸಿಡ್ ಡಾರ್ಬಿನಿ ಫೊರಾಮಿನಿಫೆರಾಗಳನ್ನೆಲ್ಲ ಆಕ್ಟೋಪಸ್ಸಿನ ಬಳಗವಾದ ಸೆಫಲೋಪಾಡುಗಳ ಜೊತೆಗೇ ಕೂರಿಸಿದ. ಒಂಬತ್ತು ವರ್ಷಗಳ ನಂತರ ಫೆಲಿಕ್ಸ್ ದುಜಾರ್ದ್ಯಾಂ ಜೀವಂತ ಫೊರಾಮಿನಿಫೆರಾಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ತಲೆಯಿಲ್ಲ, ತೋಳಿಲ್ಲ. ಚಿಪ್ಪಿನಿಂದ ಎಳೆ ಎಳೆಯಾಗಿ ಹೊರಚಾಚುವ ಲೋಳೆಯಂಥ ಜೀವದ್ರವ್ಯವಷ್ಟೇ. ಕೆಲವು ಸೆಂಟಿಮೀಟರ್ ಅಗಲದ ನುಮ್ಮುಲೈಟ್ ಚಿಪ್ಪನ್ನು ಕಟ್ಟಿದ್ದೂ ಇಂಥದೊಂದು ಏಕಕೋಶ ಜೀವಿಯೇ ಎಂಬುದು ನನಗೆ ಇಂದಿಗೂ ಸೋಜಿಗ.

ಅಸಲಿ ತೊಡಕು ಕುಟುಂಬದ ಒಳಗಿತ್ತು. ನುಮ್ಮುಲೈಟನ್ನು ಉರಿಯಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದರೆ ಅದು ನಡುವಿಗೆ ಸರಿಯಾಗಿ ಎರಡು ಬಿಲ್ಲೆಯಾಗಿ ಸೀಳುತ್ತದೆ. ಒಳಗೆ ಚಕ್ಕುಲಿಯಂತೆ ಸುತ್ತಿದ ಸುರುಳಿ, ಸುರುಳಿಯುದ್ದಕ್ಕೂ ಅಡ್ಡಗೋಡೆಗಳು. ದೊಡ್ಡ ಚಿಪ್ಪಿನ ನಡುವಿನ ಮೊದಲ ಕೋಣೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಅದೇ ಪದರದಲ್ಲಿ ಸಿಗುವ ಚಿಕ್ಕ ಚಿಪ್ಪಿನಲ್ಲಿ ಮಾತ್ರ ಅದು ಗುಂಡಗೆ, ಎದ್ದು ಕಾಣುವಷ್ಟು ದೊಡ್ಡದು. ಹೀಗಿರುವಾಗ ಇವೆರಡೂ ಬೇರೆ ಪ್ರಭೇದಗಳೆಂದು ಯಾರಿಗಾದರೂ ಅನ್ನಿಸುವುದು ಸಹಜ. ಭಾರತದ ನುಮ್ಮುಲೈಟ್ ಪದರಗಳ ಪಳೆಯುಳಿಕೆಗಳ ಮೇಲೆ ಡಾರ್ಶಿಯಾಕ್ ಮತ್ತು ಜೂಲ್ ಎಮ್ ಎಂಬಿಬ್ಬರು 1853ರಲ್ಲಿ ತಂದ ಬೃಹತ್ ಗ್ರಂಥದಲ್ಲೂ ಇದೇ ಆಯಿತು. ಅವರು ನುಮ್ಮುಲೈಟ್ಸ್ ಲಮಾರ್ಕಿ ಎಂದು ಹೆಸರಿಟ್ಟ ಚಿಕ್ಕ ಚಿಪ್ಪು, ಮೊದಲೇ ಹೆಸರಿದ್ದ ನುಮ್ಮುಲೈಟ್ಸ್ ಲೇವಿಗೇಟಸ್‌ನ ಇನ್ನೊಂದು ರೂಪವಾಗಿತ್ತು.

ಹೋದಲ್ಲೆಲ್ಲ ಹೀಗೆ ದೊಡ್ಡದೊಂದು, ಚಿಕ್ಕದೊಂದು ಜೋಡಿಯಾಗಿಯೇ ಸಿಗುವುದೇಕೆ? ಇವು ಒಂದೇ ಪ್ರಭೇದದ ಎರಡು ರೂಪಗಳೆಂದು 1880ರಲ್ಲಿ ಮ್ಯುನಿಯೆ-ಶಾಲ್ಮಾ ಸೂಚಿಸಿದ. ಕಾರಣ ತಿಳಿಯಲು 1895ರವರೆಗೆ ಕಾಯಬೇಕಾಯಿತು. ಆ ವರ್ಷ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಜಾಕ್ಸನ್ ಲಿಸ್ಟರ್ ಇನ್ನೊಂದು ಸುರುಳಿಚಿಪ್ಪಿನ ಜೀವಿಯ ಬದುಕಿನ ಚಕ್ರವನ್ನು ಬಿಡಿಸಿಟ್ಟ. ಒಂದು ಪೀಳಿಗೆ ಲೈಂಗಿಕವಾಗಿ ಹುಟ್ಟುತ್ತದೆ. ಅದರ ಮೊದಲ ಕೋಣೆ ಚಿಕ್ಕದು. ಇನ್ನೊಂದು ಅಲೈಂಗಿಕವಾಗಿ ಹುಟ್ಟುತ್ತದೆ. ಅದಕ್ಕೆ ತಾಯಿಯಿಂದ ದೊಡ್ಡ ಕೋಣೆಯೇ ಬಳುವಳಿ. ಹಳೆಯ ಹೆಸರಿಗೇ ಮನ್ನಣೆ ಎಂಬ ನಿಯಮದಂತೆ ಲಮಾರ್ಕಿ ಲೇವಿಗೇಟಸ್‌ನಲ್ಲಿ ಲೀನವಾಯಿತು. ಇದು ಬರೀ ಹೆಸರಿನ ಜಗಳವಲ್ಲ. ಕಚ್ಛ್ ಮತ್ತು ಮೇಘಾಲಯದ ಸುಣ್ಣದಕಲ್ಲಿನ ಪದರಗಳ ವಯಸ್ಸನ್ನು ಓದುವುದು ಇವೇ ಪ್ರಭೇದಗಳ ಸಾಕ್ಷಿಯಿಂದ.

ಈ ಕುಟುಂಬದ ಕೆಲವು ಕುಲಗಳು ಬೆಚ್ಚನೆಯ ಕಡಲುಗಳಲ್ಲಿ ಇನ್ನೂ ಬದುಕಿವೆ. 2003ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು, ಒಂದೇ ಬಗೆಯ ಚಿಪ್ಪಿನ ಲಕ್ಷಣ ಇವುಗಳ ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಮೂಡಿದೆ ಎಂದು ತೋರಿಸಿತು. ಅಂದರೆ ಚಿಪ್ಪಿನ ಹೋಲಿಕೆ ನೋಡಿ ನೆಂಟಸ್ತನ ಹೇಳುವಂತಿಲ್ಲ. ಆದರೆ ನಾಲ್ಕು ಕೋಟಿ ವರ್ಷಗಳಿಗೂ ಹಳೆಯದಾದ ಗೀಜಾದ ನುಮ್ಮುಲೈಟುಗಳಲ್ಲಿ ಡಿಎನ್‌ಎ ಉಳಿದಿಲ್ಲ. ಅವುಗಳ ವಿಚಾರಕ್ಕೆ ಬಂದರೆ, ಈಗಲೂ ಬಿಲ್ಲೆಯನ್ನು ಸೀಳಿ ನಡುವಿನ ಕೋಣೆಯನ್ನೇ ಅಳೆಯಬೇಕು.