ಪದ ಪರಿಚಯ: ರಾಜನ ಸವಾರಿ

ಧಾರವಾಡದಲ್ಲಿ ಯಾರಾದರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಬಿದ್ದರೆ ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ: "ಏನ್ರೀ, ಸವಾರಿ ಎಲ್ಲಿಗೆ?" ಚೆಸ್ಸಿನಲ್ಲಿ ಕಿಂಗ್ ಮಾರ್ಚ್ ಎನ್ನುವುದನ್ನು ನಾನು ಅದಕ್ಕೇ ರಾಜನ ಸವಾರಿ ಎನ್ನುತ್ತೇನೆ.

ಬೋರ್ಡಿನ ಮೇಲೆ ರಾಣಿ, ಆನೆಗಳು ಇನ್ನೂ ಇರುವಾಗಲೇ ರಾಜ ತಾನಾಗಿ ಒಂದೊಂದೇ ಮನೆ ನಡೆದು ಎದುರಾಳಿಯ ಕಡೆಗೆ ಹೋಗುವುದೇ ಈ ಸವಾರಿ. ಕಾಯಿಗಳೆಲ್ಲ ಖಾಲಿಯಾದ ಮೇಲೆ ರಾಜ ಓಡಾಡುವುದು ಮಾಮೂಲು, ಅದು ಲೆಕ್ಕಕ್ಕಿಲ್ಲ. ಎದುರಾಳಿ ಚೆಕ್ (ರಾಜನ ಮೇಲೆ ನೇರ ದಾಳಿ) ಕೊಟ್ಟು ಕೊಟ್ಟು ಎಳೆದೊಯ್ದರೂ ಲೆಕ್ಕಕ್ಕಿಲ್ಲ. 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್ ತನ್ನ ರಾಣಿಯನ್ನೇ ಬಲಿಕೊಟ್ಟು, ಜಾರ್ಜ್ ಥಾಮಸ್‌ನ ರಾಜನನ್ನು ಜಿ8ರಿಂದ ಜಿ1ರ ತನಕ (ಅಕ್ಷರ ಅಂದರೆ ಕಂಬಸಾಲು, ಅಂಕಿ ಅಂದರೆ ಅಡ್ಡಸಾಲು), ಬೋರ್ಡಿನ ಈ ತುದಿಯಿಂದ ಆ ತುದಿಗೆ ಎಳೆತಂದು ಮೇಟ್ ಮಾಡಿದ, ಅಂದರೆ ತಪ್ಪಿಸಿಕೊಳ್ಳಲಾಗದ ಚೆಕ್ ಕೊಟ್ಟು ಆಟ ಮುಗಿಸಿದ. ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರಲ್ಲ, ಅಂಥದ್ದು ಅದು.

ನಮ್ಮ ಓಣಿಯಲ್ಲೊಬ್ಬರು ಕಾಕಾ ಇದ್ದಾರೆ. ಹಳೆಯ ದೇಸಿ ಪದ್ಧತಿಯಲ್ಲಿ ಆಟ ಕಲಿತವರು. ಅದರಲ್ಲಿ ಕ್ಯಾಸ್ಲಿಂಗ್ (ರಾಜ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಕೂರುವ ನಡೆ) ಇರಲಿಲ್ಲ, ಬದಲಿಗೆ ರಾಜ ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದಿತ್ತು. ರಾಣಿಗೆ ಈಗಲೂ ಮಂತ್ರಿ ಎಂದೇ ಅನ್ನುತ್ತಾರೆ. ನಾನು ಒಮ್ಮೆ ಸುಮ್ನೆ ಧೈರ್ಯ ಮಾಡಿ ರಾಜನನ್ನು ಹೊರಗೆ ತಂದೆ. "ತಮ್ಮಾ, ರಾಜಾ ಮನ್ಯಾಗ ಇರಬೇಕೋ," ಎಂದರು. ಐದನೇ ನಡೆಗೆ ಅವರ ಕುದುರೆ ಚೆಕ್ ಕೊಟ್ಟು ನನ್ನ ಮಂತ್ರಿಯನ್ನೂ ತಿಂದಿತು.

ಹಾಗಾದರೆ ಗ್ರ್ಯಾಂಡ್‌ಮಾಸ್ಟರ್‌ಗಳು ಹೇಗೆ ಹೊರಡುತ್ತಾರೆ? ಎಲ್ಲರೂ ತೋರಿಸುವ ಆಟ 1991ರದ್ದು. ನೆದರ್ಲ್ಯಾಂಡ್ಸಿನ ಟಿಲ್‌ಬರ್ಗ್‌ನಲ್ಲಿ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಬಿಳಿ, ಡಚ್ಚರ ಯಾನ್ ಟಿಮ್ಮನ್ ಕಪ್ಪು. ಶಾರ್ಟ್‌ನ ರಾಣಿ ಎಫ್6ರಲ್ಲಿ, ಕಪ್ಪು ರಾಜನ ಮೂಗಿನ ಕೆಳಗೇ ಕೂತಿದೆ. ಜಿ7ಕ್ಕೆ ಹೋದರೆ ಮೇಟ್, ಆದರೆ ಒಂಟಿಯಾಗಿ ಹೋದರೆ ರಾಜನೇ ತಿಂದುಬಿಡುತ್ತಾನೆ. ಹಿಂದೆ ಒಬ್ಬರು ಕಾವಲು ಬೇಕು. ಬಿಳಿ ಒಂಟೆಗಳು ಆಗಲೇ ಹೋಗಿವೆ. ಕುದುರೆ ಎಫ್3 ಬಿಟ್ಟು ಅಲುಗುವಂತಿಲ್ಲ: ಎಫ್3 ದಾಟಿ ಜಿ2ಕ್ಕೆ ಹೋಗುವ ಕರ್ಣದ ಆ ತುದಿಯಲ್ಲಿ ಕಪ್ಪು ರಾಣಿ, ಅದರ ಬೆನ್ನಿಗೆ ಒಂಟೆ, ಎರಡೂ ಜಿ2ನ್ನೇ ನೋಡುತ್ತಿವೆ. ಕುದುರೆ ಸರಿದರೆ ಶಾರ್ಟ್‌ಗೇ ಮೇಟ್. ಇನ್ನು ಕೈಯಲ್ಲಿ ಖಾಲಿ ಇರುವವನು ರಾಜನೊಬ್ಬನೇ!

ಜಿ1ರಿಂದ ಎಚ್2. ನಂತರ ಜಿ3, ಎಫ್4, ಜಿ5. ಟಿಮ್ಮನ್‌ನ ಕಾಯಿಗಳು ಏನು ಮಾಡುತ್ತಿದ್ದವು? ಏಳನೇ ಸಾಲಿಗೆ ನುಗ್ಗಿದ್ದ ಬಿಳಿ ಆನೆ ಎಫ್7ರ ಕಾಲಾಳನ್ನು ಗುರಿ ಇಟ್ಟಿತ್ತು, ಅದನ್ನು ಕಾಯಲು ಒಂದು ಕರಿ ಆನೆ ಎಫ್8ರಲ್ಲೇ ನಿಲ್ಲಬೇಕಾಯಿತು. ಇನ್ನೊಂದು ಆನೆಯನ್ನು ಆತ ಸಿ8ಕ್ಕೆ ಒಯ್ದು, ಮುಂದಿನ ನಡೆಯಲ್ಲೇ ಇ8ಕ್ಕೆ ವಾಪಸ್ ತಂದ. ಬಿಳಿ ರಾಜ ಬೋರ್ಡಿನ ನಡುವಿಗೆ ಬಂದರೂ ಚೆಕ್ ಕೊಡಲು ಒಂದು ಕಾಯಿಯೂ ಬಿಡುವಾಗಿರಲಿಲ್ಲ. ಸವಾರಿಯ ಗುಟ್ಟು ಇಷ್ಟೇ. ಧೈರ್ಯ ಆಮೇಲೆ, ಮೊದಲು ಎದುರಿನವರ ಕಾಯಿಗಳನ್ನೆಲ್ಲ ಕಟ್ಟಿಹಾಕಿರಬೇಕು.

34ನೇ ನಡೆಗೆ ರಾಜ ಜಿ5ರಲ್ಲಿ. ಮುಂದಿನ ಹೆಜ್ಜೆ ಎಚ್6, ಆಮೇಲೆ ರಾಣಿ ಜಿ7ಕ್ಕೆ. ಟಿಮ್ಮನ್ ಅಲ್ಲಿಗೇ ಸೋಲೊಪ್ಪಿಕೊಂಡ.

ಈ ಆಟವನ್ನು ಕಾಕಾ ಮುಂದೆ ಜೋಡಿಸಿ ತೋರಿಸಿದೆ. ಚಹಾ ಆರಿಹೋಗುವ ತನಕ ನೋಡಿದರು. ಬಿಳಿ ರಾಜನನ್ನು ತಾವೇ ಎತ್ತಿ ಜಿ1ರಲ್ಲಿಟ್ಟು, ಬೋರ್ಡ್ ತಿರುಗಿಸಿಕೊಂಡು ಕಪ್ಪಿನ ಕಡೆ ಕೂತರು. "ಈಗ ಹೊರಡ್ಸು ನಿನ್ನ ಸವಾರಿ. ಆ ಆನಿ ಸುಮ್ನ ಅಡ್ಡ್ಯಾಡಲಿಕ್ಕೆ ನಾ ಬಿಡಂಗಿಲ್ಲ."